ಸಣ್ಣ ದೇಶ ದೊಡ್ಡ ಸೈನ್ಯದ ಎದುರು ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಗೆಲ್ಲೋಕೆ ಆಗಲ್ಲ ಅಂತ ಗೊತ್ತಿದ್ದರೂ ಸಣ್ಣ ದೇಶಗಳು ದೊಡ್ಡ ದೇಶದ ಎದುರು ಯಾಕೆ ನಿಲ್ಲುತ್ತವೆ? ಸುಮ್ನೆ ಒಪ್ಪಿಕೊಂಡರೆ ಜನರ ಪ್ರಾಣವಾದರೂ ಉಳಿಯುತ್ತದೆ ಅಲ್ವಾ?
– ಪಿಯುಸಿ ವಿದ್ಯಾರ್ಥಿನಿ, ವಿಜಯನಗರ, ಬೆಂಗಳೂರು

ಒಪ್ಪಿಕೊಂಡ ದೇಶಗಳೂ ಇವೆ. 1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ನುಗ್ಗಿದಾಗ ಡೆನ್ಮಾರ್ಕ್ ಕೆಲವೇ ಗಂಟೆಗಳಲ್ಲಿ ಶರಣಾಯಿತು. ಅದನ್ನು ಹೇಡಿತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ರಾಜಧಾನಿಯ ಮೇಲೆ ಬಾಂಬ್ ಬೀಳುವ ಭಯ ನಿಜವಾದದ್ದೇ. ಆದರೆ ಎದುರು ನಿಂತವರ ಲೆಕ್ಕ ಬೇರೆ. ಅವರು ಗೆಲ್ಲಲು ಹೊರಟಿರುವುದಿಲ್ಲ. ತಮ್ಮನ್ನು ನುಂಗುವುದು ಎದುರಾಳಿಗೆ ದುಬಾರಿಯಾಗಬೇಕು, ಅಷ್ಟೇ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಐಸ್‌ಲ್ಯಾಂಡ್. 1970ರ ದಶಕದಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು ಎರಡು ಲಕ್ಷ ಚಿಲ್ಲರೆ. ಸೈನ್ಯವೇ ಇಲ್ಲ, ಇದ್ದದ್ದು ಕೆಲವು ಕರಾವಳಿ ಕಾವಲು ಹಡಗು. ಮೀನೇ ಅವರ ಅನ್ನ. 1972ರಲ್ಲಿ ತೀರದಿಂದ 50 ನಾಟಿಕಲ್ ಮೈಲಿವರೆಗಿನ ಸಮುದ್ರದಲ್ಲಿ ಹೊರಗಿನವರು ಮೀನು ಹಿಡಿಯುವಂತಿಲ್ಲ ಎಂದರು. ಬ್ರಿಟನ್ ಕೇಳಲಿಲ್ಲ. ಆಗ ಐಸ್‌ಲ್ಯಾಂಡ್‌ನವರು ಬಳಸಿದ್ದು ಬಲೆ ಕತ್ತರಿಸುವ ಸಾಧನ. ಬಾವಿಗೆ ಬಿದ್ದ ಕೊಡ ಎತ್ತಲು ಹಿಂದೆ ಪಾತಾಳಗರಡಿ ಇಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅಂಥದ್ದೇ, ಆದರೆ ಹರಿತವಾದದ್ದು. ಅದನ್ನು ಹಡಗಿನ ಹಿಂದೆ ಕಟ್ಟಿ, ಬ್ರಿಟಿಷ್ ಮೀನುಗಾರಿಕೆ ಹಡಗಿನ ಹಿಂದೆಯೇ ಅಡ್ಡ ಹಾದು ಹೋಗುವುದು. ಬಲೆಯ ತಂತಿ ಪಟ್ ಅಂತ ತುಂಡು. ಬಲೆಯೂ ಹೋಯಿತು, ಮೀನೂ ಹೋಯಿತು. ಬ್ರಿಟನ್ ಯುದ್ಧನೌಕೆ ಕಳಿಸಿತು, ಹಡಗಿಗೆ ಹಡಗು ಡಿಕ್ಕಿ ಹೊಡೆದವು.

ಐಸ್‌ಲ್ಯಾಂಡ್ ಮಣಿಯಲಿಲ್ಲ. 1975ರಲ್ಲಿ ಗಡಿಯನ್ನು 200 ಮೈಲಿಗೇ ಏರಿಸಿತು. ಅದರ ಕೈಯಲ್ಲಿ ಇನ್ನೊಂದು ಅಸ್ತ್ರವಿತ್ತು. ಸೋವಿಯತ್ ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ಅಮೆರಿಕ, ಬ್ರಿಟನ್ ಮುಂತಾದ ದೇಶಗಳ ಸೈನಿಕ ಕೂಟವಾದ ನ್ಯಾಟೊಗೆ ಬೇಕಾಗಿದ್ದ ಕೆಫ್ಲಾವಿಕ್ ನೆಲೆ ಅದರ ನೆಲದಲ್ಲೇ ಇತ್ತು. ಅದನ್ನು ಮುಚ್ಚಿಸುತ್ತೇವೆ ಎಂದಿತು. 1976ರ ಜೂನ್‌ನಲ್ಲಿ ಬ್ರಿಟನ್ ಒಪ್ಪಿತು.

ಎಲ್ಲರಿಗೂ ಇಷ್ಟು ಸುಲಭವಾಗಿ ದಕ್ಕುವುದಿಲ್ಲ. 1939ರ ನವೆಂಬರ್ 30ರಂದು ಸೋವಿಯತ್ ಸೈನ್ಯ ಫಿನ್‌ಲ್ಯಾಂಡ್ ಮೇಲೆ ಬಿತ್ತು. 37 ಲಕ್ಷ ಜನರ ದೇಶ ಹಿಮದಲ್ಲಿ 105 ದಿನ ಕಾದಾಡಿತು. ಸುಮಾರು 25 ಸಾವಿರ ಜನ ಸತ್ತರು. ನೆಲದ ಸುಮಾರು ಹತ್ತರಲ್ಲಿ ಒಂದು ಭಾಗ ಹೋಯಿತು. ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟು ಬಂದರು. ಆದರೆ ದೇಶ ಉಳಿಯಿತು. ಆಮೇಲೆ ದಶಕಗಳ ಕಾಲ ಆ ನೆರೆಯವನ ಜೊತೆ ಮಾತು ಅಳೆದು ತೂಗಿ ಬದುಕಿ, 2023ರಲ್ಲಿ ನ್ಯಾಟೊ ಸೇರಿತು.

ಇದರಲ್ಲಿ ನೆರೆಹೊರೆಯ ಪಾತ್ರ ದೊಡ್ಡದು. ಅದು ನಮ್ಮೂರಲ್ಲೇ ಕಾಣುತ್ತದೆ. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾನಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದಾಗ ಆ ಯುದ್ಧದಲ್ಲಿ ಹೈದರಾಬಾದಿನ ನಿಜಾಮ, ಮರಾಠರು ಇಬ್ಬರೂ ಕಂಪನಿಯ ಕಡೆ ಇದ್ದರು. ಮೂರೂ ಕಡೆಯಿಂದ ಒತ್ತಡ ಬಿದ್ದಾಗ ಮೈಸೂರಿಗೆ ಉಸಿರಾಡಲು ಜಾಗವೇ ಇರಲಿಲ್ಲ. ಮರುವರ್ಷ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಕೋಟೆಯಲ್ಲಿ ಒಂದು ಫಲಕವಿದೆ, ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗ, 1791ರ ಮಾರ್ಚ್ 21 ಎಂದು. ವಿಜಯನಗರದಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್‌ಗೆ ಬದಲಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಕೋಟೆ ಹತ್ತಿರದಲ್ಲೇ ಇದೆ. ಒಮ್ಮೆ ನೋಡಿ ಬನ್ನಿ. ನಿಜಾಮನ ಹೆಸರಾಗಲಿ ಮರಾಠರ ಹೆಸರಾಗಲಿ ಆ ಫಲಕದಲ್ಲಿಲ್ಲ.