ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಬಿಹಾರಕ್ಕೆ ಹೋಗಿ ಗೆದ್ದದ್ದು ಹೇಗೆ?

ಓದುಗರ ಪ್ರಶ್ನೆ: ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನವರು. ಆದರೆ ಲೋಕಸಭೆಗೆ ಆರಿಸಿ ಬಂದದ್ದೆಲ್ಲ ಬಿಹಾರದಿಂದ. ಊರಿನವರು ಸೋಲಿಸಿದ್ದಕ್ಕೆ ಬೇಸತ್ತು ಅಲ್ಲಿಗೆ ಹೋದರು ಅಂತ ನಮ್ಮಲ್ಲಿ ಕೆಲವರು ಹೇಳುತ್ತಾರೆ. ನಿಜವಾ?

ಉತ್ತರ: ಊರಿನವರು ಸೋಲಿಸಿದರು ಅನ್ನೋದನ್ನು ಮೊದಲು ಪಕ್ಕಕ್ಕಿಡೋಣ. ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿ ಜಾರ್ಜ್ ಒಮ್ಮೆಯೂ ನಿಂತಿಲ್ಲ. ನಿಲ್ಲದವರನ್ನು ಸೋಲಿಸುವುದು ಹೇಗೆ? ಕರ್ನಾಟಕದಿಂದ ಅವರು ಲೋಕಸಭೆಗೆ ಸ್ಪರ್ಧಿಸಿದ್ದು ಒಂದೇ ಸಲ. 1984ರಲ್ಲಿ, ಬೆಂಗಳೂರು ಉತ್ತರದಿಂದ. ಅಲ್ಲಿ ಸೋತದ್ದು ನಿಜ, ಆ ಕಥೆಗೆ ಆಮೇಲೆ ಬರುತ್ತೇನೆ. ಆದರೆ ಅಷ್ಟು ಹೊತ್ತಿಗೆ ಅವರು ಬಿಹಾರದಿಂದ 2 ಸಲ ಗೆದ್ದು, ಕೇಂದ್ರ ಮಂತ್ರಿಯೂ ಆಗಿ ಇಳಿದಾಗಿತ್ತು. ಇನ್ನು ಎಲ್ಲವೂ ಬಿಹಾರದಿಂದ ಅನ್ನುವುದೂ ಪೂರ್ತಿ ಸರಿಯಲ್ಲ. ಮೊದಲ ಗೆಲುವು ಮುಂಬೈಯದು.

ಕಾನೂನಿನ ಪ್ರಶ್ನೆ ಕೇಳುವವರಿಗೆ ಒಂದು ಸಾಲು: ದೇಶದ ಯಾವುದೇ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಬೇರೆ ರಾಜ್ಯದಲ್ಲೂ ನಿಲ್ಲಬಹುದು. ವಿಧಾನಸಭೆಗೆ ಮಾತ್ರ ಆಯಾ ರಾಜ್ಯದ ಮತದಾರರಾಗಿರಬೇಕು.

ಈಗ ಶುರುವಿಗೆ ಹೋಗೋಣ. ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನ ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬದಲ್ಲಿ. ಆರು ಮಕ್ಕಳಲ್ಲಿ ಹಿರಿಯರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ಹುಟ್ಟಿದ್ದೂ ಜೂನ್ 3ರಂದೇ. ತಾಯಿ ಆಲಿಸ್ ಅವರಿಗೆ ಆ ದೊರೆಯ ಮೇಲೆ ಅಭಿಮಾನ, ಹಾಗಾಗಿ ಮಗನಿಗೆ ಅದೇ ಹೆಸರು. ಹಿರಿಯ ಮಗ ಪಾದ್ರಿಯಾಗಲಿ ಅಂತ 16ನೇ ವಯಸ್ಸಿಗೆ ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಊಟಕ್ಕೆ ಕೂರುವಾಗ ದೊಡ್ಡವರಿಗೆ ಎತ್ತರದ ಮೇಜು, ಒಳ್ಳೆಯ ಊಟ. ಹುಡುಗರಿಗೆ ಬೇರೆ ಜಾಗ, ಬೇರೆ ಊಟ. ಈ ಭೇದ ಹುಡುಗನಿಗೆ ಸಹಿಸಲಾಗಲಿಲ್ಲ. ಎರಡೂವರೆ ವರ್ಷದಲ್ಲಿ ಸೆಮಿನರಿ ಬಿಟ್ಟು ಬಂದರು. ಮಂಗಳೂರಿನಲ್ಲಿ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಲು ನೋಡಿದರು. ಆಮೇಲೆ ಬರಿಗೈಯಲ್ಲಿ ಮುಂಬೈಗೆ ಹೊರಟರು.

ಮುಂಬೈಯಲ್ಲಿ ಮೊದಲ ದಿನಗಳ ರಾತ್ರಿ ಕಳೆದದ್ದು ಚೌಪಾಟಿಯ ಬೆಂಚಿನ ಮೇಲೆ. ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೋ ಅವರ ಕೈಕೆಳಗೆ ಯೂನಿಯನ್ ಕೆಲಸ ಕಲಿತರು. ರಾಮ ಮನೋಹರ ಲೋಹಿಯಾ ಅವರ ಸಮಾಜವಾದ ತಲೆಗೆ ಹತ್ತಿತು. 1961ರಲ್ಲಿ ಮುಂಬೈ ಪಾಲಿಕೆಗೆ ಆಯ್ಕೆಯಾದರು. ಟ್ಯಾಕ್ಸಿ, ಬಂದರು, ಪಾಲಿಕೆ ಕಾರ್ಮಿಕರೆಲ್ಲ ಅವರ ಮಾತಿಗೆ ಕೆಲಸ ನಿಲ್ಲಿಸುವಂಥ ಹಿಡಿತ ಬಂತು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರಂಥ ಕಾಂಗ್ರೆಸ್ಸಿನ ಘಟಾನುಘಟಿಯನ್ನು ಸೋಲಿಸಿದರು. ಮೂರು ಸಲ ಮೇಯರ್ ಆಗಿದ್ದ, ಕೇಂದ್ರದಲ್ಲಿ ಮಂತ್ರಿಯೂ ಆಗಿದ್ದ ಪಾಟೀಲರನ್ನು ಮಣಿಸಿದ್ದು ಇಡೀ ದೇಶಕ್ಕೆ ಸುದ್ದಿಯಾಯಿತು. ಆದರೆ 1971ರ ಇಂದಿರಾ ಅಲೆಯಲ್ಲಿ ಅದೇ ಕ್ಷೇತ್ರ ಕೈಬಿಟ್ಟಿತು. ಯೂನಿಯನ್ ಆಫೀಸಿನಲ್ಲಿ ಜೈಕಾರ ಹಾಕುವವರೆಲ್ಲ ಮತಗಟ್ಟೆಯಲ್ಲೂ ಜೊತೆಗಿರುತ್ತಾರೆ ಅಂತೇನಿಲ್ಲ ನೋಡಿ.

ಇದಾದ ಮೇಲೆ ಬಂದದ್ದು 1974ರ ರೈಲ್ವೆ ಮುಷ್ಕರ. ಆಗ ಜಾರ್ಜ್ ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರು. ಮೇ 8ಕ್ಕೆ ಶುರುವಾದ ಮುಷ್ಕರವನ್ನು ಮೇ 27ಕ್ಕೆ ವಾಪಸ್ ತೆಗೆದುಕೊಂಡರು. ಸರ್ಕಾರ ಸಾವಿರಾರು ಕಾರ್ಮಿಕರನ್ನು ಜೈಲಿಗೆ ಹಾಕಿತು, ಎಷ್ಟೋ ಜನರ ಕೆಲಸ ಹೋಯಿತು. ಬೇಡಿಕೆಗಳ ಲೆಕ್ಕದಲ್ಲಿ ನೋಡಿದರೆ ಮುಷ್ಕರ ಸೋತಿತು. ಆದರೆ ರೈಲು ಹೋಗುವ ಊರೂರಲ್ಲೂ ಜಾರ್ಜ್ ಹೆಸರು ಗೊತ್ತಾಗಿದ್ದು ಆಗಲೇ.

ಮರುವರ್ಷ ಜೂನ್ 25ಕ್ಕೆ ತುರ್ತು ಪರಿಸ್ಥಿತಿ. ಆವತ್ತು ಜಾರ್ಜ್ ಒಡಿಶಾದ ಗೋಪಾಲಪುರದಲ್ಲಿದ್ದರು. ಸುದ್ದಿ ತಿಳಿದದ್ದೇ ತಡ, ಭೂಗತರಾದರು. ಗಡ್ಡ ಬಿಟ್ಟು, ಪೇಟ ಸುತ್ತಿ, ಸಿಖ್ಖರ ವೇಷದಲ್ಲಿ ಊರಿಂದ ಊರಿಗೆ ಓಡಾಡಿದರು. ಅವರು ಸಿಗದಿದ್ದಾಗ ಪೊಲೀಸರು ಬೆಂಗಳೂರಿನಲ್ಲಿ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ನಟಿ, ರಂಗಕರ್ಮಿ ಸ್ನೇಹಲತಾ ರೆಡ್ಡಿ ಅವರನ್ನು ಜಾರ್ಜ್ ಜೊತೆಗಿನ ನಂಟಿಗಾಗಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಅವರು ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಬಿಹಾರದ ಗೆಲುವಿನ ಬಗ್ಗೆ ಮಾತಾಡುವಾಗ ನಾವು ಇದನ್ನು ಮರೆತೇಬಿಡುತ್ತೇವೆ. ಜಾರ್ಜ್ ನಡೆಸಿದ ಹೋರಾಟಕ್ಕೆ ತುಂಬಾ ಜಾಸ್ತಿ ಬೆಲೆ ತೆತ್ತವರಲ್ಲಿ ಬೆಂಗಳೂರಿನವರೂ ಇದ್ದರು.

1976ರ ಜೂನ್ 10ರಂದು ಕಲ್ಕತ್ತದಲ್ಲಿ ಜಾರ್ಜ್ ಸಿಕ್ಕಿಬಿದ್ದರು. ಸ್ಫೋಟ ನಡೆಸಲು ಡೈನಮೈಟ್ ಸಂಗ್ರಹಿಸಿದರು ಅನ್ನೋ ಆರೋಪದ ಬರೋಡಾ ಡೈನಮೈಟ್ ಪ್ರಕರಣ ಹಾಕಿ ದೆಹಲಿಗೆ ತಂದರು. ಆಗಲೇ ತೆಗೆದದ್ದು ಆ ಪ್ರಸಿದ್ಧ ಫೋಟೊ: ಕೈಗೆ ಬೇಡಿ, ಜೋತಾಡುವ ಸರಪಳಿ, ಆ ಕೈಯನ್ನೇ ಮೇಲೆತ್ತಿ ನಿಂತ ಜಾರ್ಜ್. 1977ರ ಮಾರ್ಚಿನಲ್ಲಿ ಚುನಾವಣೆ ಬಂದಾಗ ಜನತಾ ಪಕ್ಷ ಅವರನ್ನು ಉತ್ತರ ಬಿಹಾರದ ಮುಜಫ್ಫರಪುರದಲ್ಲಿ ನಿಲ್ಲಿಸಿತು. ಅಭ್ಯರ್ಥಿ ತಿಹಾರ್ ಜೈಲಿನಲ್ಲಿ. ಪ್ರಚಾರಕ್ಕೆ ಊರೂರು ಸುತ್ತಿದ್ದು ಆ ಬೇಡಿ ತೊಟ್ಟ ಚಿತ್ರ. 'ಜೇಲ್ ಕಾ ಫಾಟಕ್ ಟೂಟೇಗಾ, ಜಾರ್ಜ್ ಹಮಾರಾ ಛೂಟೇಗಾ' ಅನ್ನೋ ಘೋಷಣೆ. ಜೈಲಿನ ಬಾಗಿಲು ಮುರಿಯುತ್ತೆ, ನಮ್ಮ ಜಾರ್ಜ್ ಹೊರಗೆ ಬರ್ತಾರೆ ಅಂತ. ಆಗಿನ್ನೂ ಯುವ ವಕೀಲೆಯಾಗಿದ್ದ ಸುಷ್ಮಾ ಸ್ವರಾಜ್ ಅಲ್ಲಿ ಪ್ರಚಾರ ಮಾಡಿದರು. ಗೆಲುವಿನ ಅಂತರ 3 ಲಕ್ಷ ಮತಗಳಿಗಿಂತ ಜಾಸ್ತಿ.

ಈಗ ನಿಮ್ಮ ಪ್ರಶ್ನೆಯ ಹೂರಣಕ್ಕೆ ಬರೋಣ. ಅವತ್ತು ಜಾರ್ಜ್ ಅವರನ್ನು ಮಂಗಳೂರಿನಲ್ಲೇ ನಿಲ್ಲಿಸಿದ್ದರೆ? ನನ್ನನ್ನು ಕೇಳಿದರೆ, ಸೋಲುತ್ತಿದ್ದರು. 1977ರಲ್ಲಿ ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಅದೇ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೆ! ಉತ್ತರದಲ್ಲಿ ಸಂತಾನಹರಣ ಚಿಕಿತ್ಸೆಯ ಬಲವಂತ, ಜಯಪ್ರಕಾಶ ನಾರಾಯಣರ (ಜೆಪಿ) ಚಳವಳಿ ಎರಡೂ ಸೇರಿ ಜನ ಕುದಿಯುತ್ತಿದ್ದರು. ಇಲ್ಲಿ ದೇವರಾಜ ಅರಸರ ಭೂಸುಧಾರಣೆಯ ಕಾಲ. ಅದರಲ್ಲೂ ಗೇಣಿದಾರರೇ ತುಂಬಿದ್ದ ದಕ್ಷಿಣ ಕನ್ನಡದಲ್ಲಿ ಉಳುವವನಿಗೆ ಭೂಮಿ ಸಿಗುತ್ತಿದ್ದ ಹೊತ್ತು. ಕಾಂಗ್ರೆಸ್ಸಿನ ಜನಾರ್ದನ ಪೂಜಾರಿ ಮಂಗಳೂರಿನಿಂದ ಮೊದಲು ಗೆದ್ದದ್ದು ಆ ವರ್ಷವೇ, ಅದೂ ಸೇರಿ ಸತತ 4 ಸಲ ಗೆದ್ದರು. ಬೇಡಿ ತೊಟ್ಟ ಫೋಟೊ ನೋಡಿ ನಮ್ಮೂರಲ್ಲೂ ಮರುಗುವವರು ಇದ್ದಿರಬಹುದು. ಭೂಮಿ ಕೊಟ್ಟ ಪಕ್ಷವನ್ನು ಬಿಟ್ಟು ಅವರು ವೋಟು ಹಾಕುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಹಳೆಯದು. ಹೊರಗಿನ ಸಮಾಜವಾದಿಗಳನ್ನು ಬಿಹಾರ ಮೊದಲಿಂದಲೂ ಒಪ್ಪಿಕೊಂಡಿತ್ತು. ಸಿಂಧ್ ಪ್ರಾಂತ್ಯದ ಆಚಾರ್ಯ ಕೃಪಲಾನಿ ಭಾಗಲ್ಪುರ ಮತ್ತು ಸೀತಾಮಢಿಯಿಂದ ಗೆದ್ದಿದ್ದರು. ಪುಣೆಯ ಮಧು ಲಿಮಯೆ ಮುಂಗೇರ್ ಮತ್ತು ಬಾಂಕಾದಿಂದ. ಮುಂಬೈಯ ಅಶೋಕ್ ಮೆಹ್ತಾ 1957ರಲ್ಲಿ ಇದೇ ಮುಜಫ್ಫರಪುರದಿಂದ. ಕೃಪಲಾನಿ ಅವರಿಗಂತೂ ಈ ಊರು ಹೊಸದಲ್ಲ, ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡಿದವರು. 1917ರಲ್ಲಿ ಚಂಪಾರಣ್‌ಗೆ ಹೊರಟ ಗಾಂಧೀಜಿ ಮುಜಫ್ಫರಪುರದಲ್ಲಿ ಇಳಿದಾಗ ಎದುರುಗೊಂಡದ್ದು ಅವರೇ. ಜಾತಿ ಲೆಕ್ಕ ಹಾಕದೆ ವೋಟು ಬೀಳದ ಸೀಮೆಯಲ್ಲಿ ಹೊರಗಿನವರಿಗೆ ಒಂದು ಅನುಕೂಲವೂ ಇತ್ತು. ಅವರು ಯಾರ ಜಾತಿಯವರೂ ಆಗಿರಲಿಲ್ಲ. ಭೂಮಿಹಾರರಿಗೂ ಯಾದವರಿಗೂ ಒಟ್ಟಿಗೆ ಒಪ್ಪಿಗೆಯಾಗುವ ಸ್ಥಳೀಯ ಅಭ್ಯರ್ಥಿಯನ್ನು ಹುಡುಕುವುದು ಕಷ್ಟ. ಮಂಗಳೂರಿನ ಕ್ಯಾಥೊಲಿಕರ ಮೇಲೆ ಅಲ್ಲಿ ಯಾರಿಗೆ ಹಳೆ ಸಿಟ್ಟಿರುತ್ತೆ ಹೇಳಿ?

ಗೆದ್ದು ಬಂದ ಜಾರ್ಜ್ ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಮೊದಲು ಸಂಪರ್ಕ ಖಾತೆ, ಆಮೇಲೆ ಕೈಗಾರಿಕಾ ಖಾತೆಯ ಮಂತ್ರಿಯಾದರು. ಕೋಕಾ-ಕೋಲಾ, ಐಬಿಎಂ ಕಂಪನಿಗಳು ವಿದೇಶಿ ಪಾಲು ಇಳಿಸಲೊಪ್ಪದೆ ಭಾರತ ಬಿಟ್ಟದ್ದು ಆಗಲೇ. ಕೋಕ್ ಜಾಗಕ್ಕೆ ಸರ್ಕಾರ ತಂದ 'ಡಬಲ್ ಸೆವೆನ್' ಪಾನೀಯದ ಸೂತ್ರ ತಯಾರಾದದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಕ್ಷೇತ್ರವನ್ನೂ ಅವರು ಮರೆಯಲಿಲ್ಲ. ಮುಜಫ್ಫರಪುರಕ್ಕೆ ದೂರದರ್ಶನ ಕೇಂದ್ರ, ಪಕ್ಕದ ಕಾಂಟಿಗೆ ಉಷ್ಣ ವಿದ್ಯುತ್ ಸ್ಥಾವರ ಬಂತು. 1979ರ ಜುಲೈಯಲ್ಲಿ ಸಂಸತ್ತಿನಲ್ಲಿ ಮೊರಾರ್ಜಿ ಸರ್ಕಾರವನ್ನು ಸಮರ್ಥಿಸಿ ಮಾತಾಡಿ, ಅದರ ಬೆನ್ನಿಗೇ ಮೊರಾರ್ಜಿ ವಿರುದ್ಧವಿದ್ದ ಚರಣ್ ಸಿಂಗ್ ಬಣಕ್ಕೆ ಹೋದರು. ಇದಕ್ಕೆ ಅವರ ಅಭಿಮಾನಿಗಳ ಹತ್ತಿರವೂ ಒಳ್ಳೆಯ ಉತ್ತರವಿಲ್ಲ. ಆದರೂ 1980ರಲ್ಲಿ ಮುಜಫ್ಫರಪುರ ಮತ್ತೆ ಗೆಲ್ಲಿಸಿತು.

ಇನ್ನು ಬೆಂಗಳೂರಿನ ಸೋಲು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ, ಕರ್ನಾಟಕದಲ್ಲಿ ಜನತಾ ಸರ್ಕಾರ ಬಂದಿತ್ತು. ಊರಿಗೆ ಮರಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗೋದಿಲ್ಲ ಅಂತ ಯಾರಿಗಾದರೂ ಅನಿಸಬೇಕು. ಆದರೆ 1984ರ ಅಕ್ಟೋಬರ್ 31ಕ್ಕೆ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರಿನ ಚುನಾವಣೆಯಲ್ಲಿ ಅನುಕಂಪದ ಅಲೆ ಎದ್ದು ಜನತಾ ಪಕ್ಷಕ್ಕೆ ರಾಜ್ಯದಲ್ಲಿ ಸಿಕ್ಕಿದ್ದು 4 ಸ್ಥಾನ. ಬೆಂಗಳೂರು ಉತ್ತರದಲ್ಲಿ ಜಾರ್ಜ್ ಅವರನ್ನು ಸೋಲಿಸಿದವರು ಸಿ.ಕೆ. ಜಾಫರ್ ಷರೀಫ್. ತಮಾಷೆ ನೋಡಿ, ಮೂರೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಇದೇ ಮತದಾರರು ಹೆಗಡೆಯವರಿಗೆ 139 ಸ್ಥಾನ ಕೊಟ್ಟರು. ಹಾಗಾಗಿ ಆ ಸೋಲನ್ನು ಜಾರ್ಜ್ ಮೇಲಿನ ತೀರ್ಪು ಅಂತ ನಾನು ಓದುವುದಿಲ್ಲ. ಆಮೇಲೆ ಬಾಂಕಾದ ಉಪಚುನಾವಣೆಗೆ ನಿಂತು ಅಲ್ಲೂ ಸೋತರು. 1989 ಮತ್ತು 1991ರಲ್ಲಿ ಕೈಹಿಡಿದದ್ದು ಮತ್ತೆ ಮುಜಫ್ಫರಪುರ.

ಬೆಂಗಳೂರು ಉತ್ತರದಲ್ಲಿ ಸೋತವರು, ಗೆದ್ದವರು ಇಬ್ಬರೂ ಮುಂದೆ ರೈಲ್ವೆ ಮಂತ್ರಿಗಳಾದರು. ಜಾರ್ಜ್ ಆ ಖಾತೆಯಲ್ಲಿದ್ದದ್ದು 1989ರ ಡಿಸೆಂಬರಿನಿಂದ ಒಂದು ವರ್ಷಕ್ಕೂ ಕಡಿಮೆ. ಕರಾವಳಿಯವರ ಪಾಲಿಗೆ ಅಷ್ಟೇ ಸಾಕಾಯಿತು. ಆಗ ಮಂಗಳೂರಿನಿಂದ ಮುಂಬೈಗೆ ಘಾಟಿ ಹತ್ತಿಳಿಯುವ ಬಸ್ಸೇ ಗತಿ, ರೈಲೆಂದರೆ ಊರೆಲ್ಲ ಸುತ್ತಿ ಹೋಗಬೇಕು. ಕೊಂಕಣ ರೈಲಿನ ಕನಸು ಹಳೆಯದು, ಹಣ ಇರಲಿಲ್ಲ. ಹಣಕಾಸು ಮಂತ್ರಿಯಾಗಿ ಕೊಂಕಣದ ಸಂಸದರೇ ಆದ ಮಧು ದಂಡವತೆ ಇದ್ದರು. ಬಜೆಟ್ಟಿನ ಹಣಕ್ಕೆ ಕಾಯದೆ, ರೈಲ್ವೆ ಮತ್ತು 4 ರಾಜ್ಯಗಳು ಪಾಲು ಹಾಕಿ ಒಂದು ನಿಗಮ ಮಾಡುವುದು, ಉಳಿದದ್ದನ್ನು ಬಾಂಡ್ ಮಾರಿ ಎತ್ತುವುದು ಅಂತಾಯಿತು. ಕರ್ನಾಟಕದ ಪಾಲು ಶೇ. 15. 1990ರ ಜುಲೈಯಲ್ಲಿ ನಿಗಮ ಹುಟ್ಟಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ 741 ಕಿಲೋಮೀಟರ್. 1998ರ ಜನವರಿ 26ರಿಂದ ಪೂರ್ತಿ ಮಾರ್ಗ ತೆರೆಯಿತು. ಊರಿನ ವೋಟು ಒಂದೂ ಇಲ್ಲದ ಬಿಹಾರದ ಸಂಸದ ಊರಿಗೆ ಮಾಡಿದ ಕೆಲಸ ಇದು.

1994ರಲ್ಲಿ ಲಾಲು ಪ್ರಸಾದ್ ಹಿಡಿತದಲ್ಲಿದ್ದ ಜನತಾದಳವನ್ನು ಒಡೆದು, ನಿತೀಶ್ ಕುಮಾರ್ ಜೊತೆ ಸಮತಾ ಪಕ್ಷ ಕಟ್ಟಿದರು. 1996, 1998, 1999ರಲ್ಲಿ ಗೆದ್ದದ್ದು ನಲಂದಾದಿಂದ. ಇಲ್ಲಿ ಮಾತ್ರ ಹೊರಗಿನವರಿಗೆ ಜಾತಿ ಇಲ್ಲ ಅನ್ನೋ ಹಳೆಯ ವಾದ ನಿಲ್ಲುವುದಿಲ್ಲ. ನಲಂದಾ ನಿತೀಶ್ ಅವರ ಸ್ವಂತ ನೆಲ, ಕುರ್ಮಿಗಳ ಕೋಟೆ. ಬೇಡಿ ತೊಟ್ಟ ಹೀರೋಗೆ 1977ರಲ್ಲಿ ಬಿದ್ದ ವೋಟೇ ಬೇರೆ, ನಿತೀಶ್ ಹೇಳಿದವರಿಗೆ ಬಿದ್ದ ಈ ವೋಟೇ ಬೇರೆ. ವಾಜಪೇಯಿ ಸರ್ಕಾರದಲ್ಲಿ ಅವರು ರಕ್ಷಣಾ ಮಂತ್ರಿಯಾದದ್ದು, ಪೋಖ್ರಾನ್, ಕಾರ್ಗಿಲ್, ಸಿಯಾಚಿನ್‌ಗೆ ಮತ್ತೆ ಮತ್ತೆ ಹೋಗಿ ಸೈನಿಕರ ಜೊತೆ ಕೂತದ್ದು, 2001ರಲ್ಲಿ ರಕ್ಷಣಾ ಖರೀದಿಯ ಲಂಚದ ಬಗ್ಗೆ ತೆಹಲ್ಕಾ ಗುಟ್ಟಾಗಿ ಚಿತ್ರಿಸಿದ ಟೇಪಿನಿಂದ ರಾಜೀನಾಮೆ ಕೊಟ್ಟು ಕೆಲವೇ ತಿಂಗಳಲ್ಲಿ ವಾಪಸ್ ಬಂದದ್ದು, ಎಲ್ಲ ನಲಂದಾದ ಸಂಸದರಾಗಿದ್ದಾಗ.

2004ರಲ್ಲಿ ಮುಜಫ್ಫರಪುರಕ್ಕೆ ಮರಳಿ ಗೆದ್ದರು. ಅಷ್ಟರಲ್ಲಿ ನಿತೀಶ್ ಜೊತೆ ಹಳಸತೊಡಗಿತ್ತು. 2006ರಲ್ಲಿ, ಸಮತಾ ಪಕ್ಷ ಸೇರಿಹೋಗಿದ್ದ ಜೆಡಿಯು ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ನಿಂತು ಶರದ್ ಯಾದವ್ ಎದುರು ಸೋತರು. 2009ರಲ್ಲಿ ಆರೋಗ್ಯ ಸರಿಯಿಲ್ಲ ಅಂತ ಪಕ್ಷ ಟಿಕೆಟ್ ಕೊಡಲಿಲ್ಲ. 78ರ ವಯಸ್ಸಿನಲ್ಲಿ, ಮರೆವಿನ ಕಾಯಿಲೆ ಶುರುವಾಗಿದ್ದಾಗ, ಹಟ ಹಿಡಿದು ಮುಜಫ್ಫರಪುರದಲ್ಲಿ ಪಕ್ಷೇತರರಾಗಿ ನಿಂತರು. ಜೈಲಿನಲ್ಲಿದ್ದವರನ್ನು 3 ಲಕ್ಷ ಅಂತರದಲ್ಲಿ ಗೆಲ್ಲಿಸಿದ್ದ ಕ್ಷೇತ್ರದಲ್ಲಿ ಈ ಸಲ ಠೇವಣಿಯೂ ಹೋಯಿತು. ಕೆಲವೇ ತಿಂಗಳಲ್ಲಿ ನಿತೀಶ್ ಅವರ ಪಕ್ಷವೇ ಅವರನ್ನು ರಾಜ್ಯಸಭೆಗೆ ಕಳಿಸಿತು. 2010ರ ಜುಲೈವರೆಗೆ ಅಲ್ಲಿದ್ದರು. ಆ ಸೀಟೂ ಬಿಹಾರದ್ದೇ.