ಬೆಳಿಗ್ಗೆ ರೋಸಲೈನ್, ರಾತ್ರಿ ಜೂಲಿಯೆಟ್: ಇದೆಂಥ ಪ್ರೀತಿ?

ಪ್ರಶ್ನೆ: ಶೇಕ್ಸ್‌ಪಿಯರ್‌ನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕ ಅಂದರೆ ಅಮರ ಪ್ರೇಮ ಅಂತಾರೆ. ಆದರೆ ಬೆಳಿಗ್ಗೆ ರೋಸಲೈನ್‌ಗಾಗಿ ಕಣ್ಣೀರಿಟ್ಟ ರೋಮಿಯೊ ರಾತ್ರಿಯೊಳಗೆ ಜೂಲಿಯೆಟ್‌ಗೆ ಮನಸೋಲುತ್ತಾನಲ್ಲ, ಇದು ಪ್ರೀತಿಯೋ ಹುಚ್ಚೋ?

ಉತ್ತರ: ಈ ಅನುಮಾನ ನಾಟಕದೊಳಗೇ ಇದೆ. ಹುಡುಗರ ಪ್ರೀತಿ ಎದೆಯಲ್ಲಿರುವುದಿಲ್ಲ, ಕಣ್ಣಲ್ಲಿರುತ್ತದೆ ಎಂದು ಪಾದ್ರಿ ಲಾರೆನ್ಸ್ ರೋಮಿಯೊನನ್ನು ಮುಖಕ್ಕೇ ಹಂಗಿಸುತ್ತಾನೆ. ಆದರೂ ಎರಡು ಪ್ರೀತಿಯೂ ಒಂದೇ ಅಲ್ಲ. ವ್ಯತ್ಯಾಸ ತಿಳಿಯಬೇಕಾದರೆ ರೋಮಿಯೊನ ಮಾತಿಗೆ ಕಿವಿಗೊಡಬೇಕು.

ರೋಸಲೈನ್ ಇಡೀ ನಾಟಕದಲ್ಲಿ ಒಂದು ಮಾತೂ ಆಡುವುದಿಲ್ಲ. ಅವಳ ಬಗ್ಗೆ ರೋಮಿಯೊ ಹೇಳುವುದೆಲ್ಲ ಸೀಸದ ಗರಿ, ತಣ್ಣನೆಯ ಬೆಂಕಿ, ರೋಗಿಷ್ಠ ಆರೋಗ್ಯ. ಆ ಕಾಲದ ಪ್ರೇಮಕವಿಗಳು ಸವೆಸಿ ಬಿಟ್ಟಿದ್ದ ಸರಕು. ಅವನು ಪ್ರೀತಿಸುತ್ತಿರುವುದು ತನ್ನ ನರಳಾಟವನ್ನೇ.

ಜೂಲಿಯೆಟ್ ತಿರುಗಿ ಮಾತಾಡುತ್ತಾಳೆ. ಅವಳ ಮನೆಯ ಔತಣದಲ್ಲಿ ಅವರಿಬ್ಬರ ಮೊದಲ ಸಂಭಾಷಣೆ ಸರಿಯಾಗಿ 14 ಸಾಲಿನ ಸಾನೆಟ್. ಮೊದಲ ನಾಲ್ಕು ಸಾಲು ಅವನದು: ಅವಳ ಕೈ ಗುಡಿ, ತನ್ನ ತುಟಿ ಯಾತ್ರಿಕರು. ಮುಂದಿನ ನಾಲ್ಕು ಅವಳದು: ಯಾತ್ರಿಕರಿಗೆ ಅಂಗೈಗೆ ಅಂಗೈ ತಾಗಿದರೆ ಅದೇ ಮುತ್ತು. ಉಳಿದ ಆರು ಸಾಲನ್ನು ಇಬ್ಬರೂ ಹಂಚಿಕೊಂಡು ಮುಗಿಸುತ್ತಾರೆ, ಆಮೇಲೆ ನಿಜವಾದ ಮುತ್ತು. ಎರಡನೇ ಸಾನೆಟ್ ಶುರುವಾಗಿ ನಾಲ್ಕು ಸಾಲಾಗುವಷ್ಟರಲ್ಲಿ ‘ಅಮ್ಮ ಕರೀತಿದ್ದಾರೆ’ ಎನ್ನುತ್ತ ದಾದಿ ಅಡ್ಡ ಬರುತ್ತಾಳೆ. ಈ ಪ್ರೀತಿಯ ಹಣೆಬರಹವೆಲ್ಲ ಆ ತುಂಡಾದ ಪದ್ಯದಲ್ಲೇ ಇದೆ.

ಇಬ್ಬರಲ್ಲಿ ಗಟ್ಟಿಗಿತ್ತಿ, 14 ವರ್ಷ ತುಂಬಲು ಇನ್ನೂ ಎರಡು ವಾರ ಇರುವ ಜೂಲಿಯೆಟ್ಟೇ. ಅವನು ಚಂದ್ರನ ಮೇಲೆ ಆಣೆ ಇಡಹೊರಟರೆ, ತಿಂಗಳು ತಿಂಗಳು ಬದಲಾಗುವವನ ಆಣೆ ಬೇಡ ಎಂದು ತಡೆಯುತ್ತಾಳೆ. ಇದು ಮಿಂಚಿನ ಹಾಗೆ ತೀರಾ ಅವಸರದ್ದಾಯಿತು ಎಂದೂ ಅವಳೇ ಹೇಳುತ್ತಾಳೆ. ಹೇಳಿದ ಮೇಲೂ, ನಾಳೆ ಎಷ್ಟು ಗಂಟೆಗೆ ಆಳು ಕಳಿಸಲಿ ಎಂದು ಕೇಳಿ ಒಂಬತ್ತಕ್ಕೆ ಗೊತ್ತುಮಾಡಿಕೊಳ್ಳುತ್ತಾಳೆ!

18ನೇ ಶತಮಾನದಲ್ಲಿ ನಟ ಡೇವಿಡ್ ಗ್ಯಾರಿಕ್ ನಾಯಕನ ಮಾನ ಉಳಿಸಲು ರೋಸಲೈನ್ ಪ್ರಸಂಗವನ್ನೇ ಕಿತ್ತುಹಾಕಿದ. ಅದು ತಪ್ಪೆಂದೇ ನಮ್ಮ ಲೆಕ್ಕ. ಸವಕಲು ಮಾತನ್ನು ಮೊದಲು ಕೇಳದಿದ್ದರೆ ಸಾನೆಟ್ಟಿನ ಹೊಸತನ ಕಿವಿಗೆ ಬೀಳುವುದಿಲ್ಲ.

ಇನ್ನು ಅವಸರದ ವಿಷಯ. ನಾಟಕಕ್ಕೆ ಮೂಲವಾದ ಆರ್ಥರ್ ಬ್ರೂಕ್‌ನ 1562ರ ಕಾವ್ಯದಲ್ಲಿ ತಿಂಗಳುಗಟ್ಟಲೆ ನಡೆಯುವ ಕತೆಯನ್ನು ಶೇಕ್ಸ್‌ಪಿಯರ್ ಭಾನುವಾರದಿಂದ ಗುರುವಾರದ ಬೆಳಗಿನೊಳಗೆ ಅದುಮಿಟ್ಟ. ಆತುರ ಮಕ್ಕಳದ್ದಷ್ಟೇ ಅಲ್ಲ. ಗುಟ್ಟಾಗಿ ರೋಮಿಯೊನನ್ನು ಮದುವೆಯಾಗಿರುವ ಮಗಳಿಗೆ ಬೇರೊಬ್ಬನೊಡನೆ ಗೊತ್ತುಮಾಡಿದ ಗುರುವಾರದ ಮದುವೆಯನ್ನು ಅಪ್ಪ ಕ್ಯಾಪ್ಯುಲೆಟ್ ಬುಧವಾರಕ್ಕೆ ಎಳೆಯುತ್ತಾನೆ, ಅದನ್ನು ತಪ್ಪಿಸಿಕೊಳ್ಳಲು ಜೂಲಿಯೆಟ್ 42 ಗಂಟೆ ಸತ್ತಂತೆ ಮಲಗಿಸುವ ಪಾದ್ರಿಯ ಮದ್ದನ್ನು ಒಂದು ದಿನ ಮೊದಲೇ ಕುಡಿಯಬೇಕಾಗುತ್ತದೆ. ಇತ್ತ ಈ ಗುಟ್ಟನ್ನು ರೋಮಿಯೊಗೆ ತಿಳಿಸಲು ಪಾದ್ರಿ ಬರೆದ ಕಾಗದ, ಪ್ಲೇಗಿನ ಅನುಮಾನದಿಂದ ಮುಚ್ಚಿದ ಮನೆಯಲ್ಲಿ ಸಿಕ್ಕಿಕೊಂಡ ದೂತನ ಕೈಯಲ್ಲೇ ಉಳಿದುಬಿಡುತ್ತದೆ. ಗಡಿಪಾರಾಗಿ ಮಾಂಟುವಾ ಊರಿನಲ್ಲಿದ್ದ ರೋಮಿಯೊ ಅವಳು ಸತ್ತಳೆಂದೇ ನಂಬಿ 40 ಡುಕಾಟ್ ನಾಣ್ಯ ಕೊಟ್ಟು ವಿಷ ಕೊಳ್ಳುತ್ತಾನೆ.

ಪಾದ್ರಿಯ ಆ ಕಣ್ಣಿನ ಮಾತನ್ನು ಸಮಾಧಿಯ ದೃಶ್ಯದಲ್ಲಿ ಮತ್ತೆ ನೆನೆಯಿರಿ. ಮದ್ದಿನ ನಿದ್ದೆಯಲ್ಲಿರುವ ಜೂಲಿಯೆಟ್‌ಳ ತುಟಿಯಲ್ಲಿ, ಕೆನ್ನೆಯಲ್ಲಿ ಕೆಂಪು ಇನ್ನೂ ಇದೆ, ಸಾವು ಅಲ್ಲಿಗೆ ತಲುಪಿಲ್ಲ ಎಂದು ರೋಮಿಯೊ ಕಣ್ಣಾರೆ ಕಂಡು ಬಾಯಾರೆ ಹೇಳುತ್ತಾನೆ. ಹೇಳಿ, ವಿಷ ಕುಡಿಯುತ್ತಾನೆ.