ನರಕದ ಭಯವೋ, ನೆರೆಹೊರೆಯ ಕಣ್ಣೋ

ದೇವರ ಭಯವಿರುವ ಮಗು ದಾರಿ ತಪ್ಪುವುದಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಹೇಗೆ ಬೇರೂರಿದೆಯೋ ಅಮೆರಿಕದ ಚರ್ಚುಗಳಲ್ಲಿಯೂ ಹಾಗೆಯೇ ಬೇರೂರಿತ್ತು. ಅದನ್ನು ಒರೆಗೆ ಹಚ್ಚಿದ ಅತಿ ಪ್ರಸಿದ್ಧ ಅಧ್ಯಯನ 1969ರಲ್ಲಿ ಪ್ರಕಟವಾಯಿತು. ಸಮಾಜಶಾಸ್ತ್ರಜ್ಞರಾದ ಟ್ರಾವಿಸ್ ಹಿರ್ಶಿ ಮತ್ತು ರಾಡ್ನಿ ಸ್ಟಾರ್ಕ್, ಕ್ಯಾಲಿಫೋರ್ನಿಯಾದ ರಿಚ್ಮಂಡ್ ಪ್ರದೇಶದ ಸಾವಿರಾರು ಶಾಲಾ ಮಕ್ಕಳು ತುಂಬಿಕೊಟ್ಟ ಪ್ರಶ್ನಾವಳಿಗಳನ್ನು ಅದಕ್ಕಾಗಿ ಬಳಸಿಕೊಂಡಿದ್ದರು. 2 ಡಾಲರಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಎಂದಾದರೂ ಕದ್ದಿದ್ದೀಯಾ, 50 ಡಾಲರಿಗಿಂತ ಹೆಚ್ಚಿನದನ್ನು ಕದ್ದಿದ್ದೀಯಾ, ಯಜಮಾನನ ಒಪ್ಪಿಗೆಯಿಲ್ಲದೆ ಕಾರು ಒಯ್ದಿದ್ದೀಯಾ, ಯಾರನ್ನಾದರೂ ಹೊಡೆದಿದ್ದೀಯಾ ಎಂದು ಕೇಳಿದ ಹಾಳೆಗಳಲ್ಲೇ ಚರ್ಚಿಗೆ ಹೋಗುವ ರೂಢಿ, ಸೈತಾನನಲ್ಲಿ ಮತ್ತು ಸಾವಿನಾಚೆಯ ಬದುಕಿನಲ್ಲಿ ನಂಬಿಕೆ ಇವುಗಳ ಬಗೆಗೂ ಪ್ರಶ್ನೆಗಳಿದ್ದವು. ಉತ್ತರಗಳನ್ನು ಪೊಲೀಸ್ ದಾಖಲೆಗಳೊಂದಿಗೂ ತಾಳೆ ನೋಡಲಾಯಿತು. ಚರ್ಚಿಗೆ ತಪ್ಪದೆ ಹೋಗುವ ಮಕ್ಕಳಿಗೂ ಹೋಗದವರಿಗೂ ಅಪರಾಧದ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಧರ್ಮಕ್ಕೂ ಅಪರಾಧಕ್ಕೂ ಸಂಬಂಧವಿಲ್ಲವೆಂದು ಹಲವರು ತೀರ್ಮಾನಿಸಿದರು. ಆದರೆ 1974ರಲ್ಲಿ ಬರ್ಕೆಟ್ ಮತ್ತು ವೈಟ್ ಎಂಬ ಸಂಶೋಧಕರು, ಕಳ್ಳತನದ ಮಾತು ಹೇಗೇ ಇರಲಿ, ಮದ್ಯ ಮತ್ತು ಗಾಂಜಾ ಸೇವನೆ ಶ್ರದ್ಧೆಯುಳ್ಳ ಮಕ್ಕಳಲ್ಲಿ ಕಡಿಮೆಯೆಂದು ತೋರಿಸಿದರು. 1982ರಲ್ಲಿ ಸ್ಟಾರ್ಕ್ ಅವರೇ ಸಹಲೇಖಕರೊಂದಿಗೆ ತಮ್ಮ ಹಳೆಯ ನಿಲುವನ್ನು ತಿದ್ದಿಕೊಂಡರು. ತಾನು ಸಾರಿದ್ದನ್ನು ತಾನೇ ಮರಳಿ ಪರೀಕ್ಷಿಸುವ ವಿದ್ವಾಂಸರು ವಿರಳ. ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ. ಕ್ಯಾಲಿಫೋರ್ನಿಯಾ ಇರುವ, ಚರ್ಚಿಗೆ ಹೋಗುವವರೇ ಕಡಿಮೆಯಿರುವ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಒಬ್ಬ ಹುಡುಗನ ಭಕ್ತಿ ಅವನೊಬ್ಬನದಾಗಿಯೇ ಉಳಿಯುತ್ತದೆ. ಗೆಳೆಯರೂ ನೆರೆಯವರೂ ಅದೇ ಶ್ರದ್ಧೆಯಲ್ಲಿ ಬಾಳುವ ಊರಿನಲ್ಲಿ ಮಾತ್ರ ಅದು ನಡತೆಯನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಅವರ ಹೊಸ ವಾದವಾಗಿತ್ತು. 2001ರಲ್ಲಿ ಬೇಯರ್ ಮತ್ತು ರೈಟ್ ಎಂಬ ಸಂಶೋಧಕರು ಇಂಥ 60 ಅಧ್ಯಯನಗಳನ್ನು ಒಟ್ಟಿಗೆ ಅಳೆದಾಗ, ಧಾರ್ಮಿಕತೆಗೆ ಅಪರಾಧವನ್ನು ತಡೆಯುವ ಸಾಧಾರಣ ಪ್ರಮಾಣದ ಶಕ್ತಿಯಿದೆಯೆಂದು ಕಂಡುಬಂತು.

ಈ ಚರ್ಚೆ ಬೀದಿಗಿಳಿದದ್ದು ಬಾಸ್ಟನ್ನಿನಲ್ಲಿ. 1990ರಲ್ಲಿ ಆ ನಗರದಲ್ಲಿ 152 ಕೊಲೆಗಳಾಗಿದ್ದವು. 1992ರ ಮೇ ತಿಂಗಳಲ್ಲಿ ಅಲ್ಲಿನ ಒಂದು ಬಡಾವಣೆಯಾದ ಮ್ಯಾಟಪಾನ್‌ನ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಕೊಲೆಯಾದ ಯುವಕನೊಬ್ಬನ ಅಂತಿಮ ಪ್ರಾರ್ಥನೆ ನಡೆಯುತ್ತಿದ್ದಾಗಲೇ ಗ್ಯಾಂಗಿನ ಹುಡುಗರು ಒಳನುಗ್ಗಿ ಇನ್ನೊಬ್ಬನನ್ನು ಇರಿದರು. ಹುಡುಗರು ಚರ್ಚಿಗೆ ಬರಲಿ ಎಂದು ಕಾಯುತ್ತಿದ್ದ ಕಪ್ಪು ಜನಾಂಗದ ಪಾದ್ರಿಗಳಿಗೆ, ಅವರು ಬಂದ ಬಗೆಯೇ ಎಚ್ಚರಿಕೆಯಾಯಿತು. ಜೆಫ್ರಿ ಬ್ರೌನ್, ಯೂಜೀನ್ ರಿವರ್ಸ್, ರೇ ಹ್ಯಾಮಂಡ್ ಮೊದಲಾದವರು ಟೆನ್ ಪಾಯಿಂಟ್ ಕೊಯಲಿಷನ್ ಎಂಬ ಪಾದ್ರಿಗಳ ಒಕ್ಕೂಟ ಕಟ್ಟಿ, ರಾತ್ರಿ ಹೊತ್ತು ಮೂಲೆಮೂಲೆಗೆ ನಡೆದು ಹೋಗಿ ಹುಡುಗರ ಜೊತೆ ನಿಂತು ಮಾತಾಡತೊಡಗಿದರು.

1999ರ ಹೊತ್ತಿಗೆ ವರ್ಷದ ಕೊಲೆಗಳು 31ಕ್ಕೆ ಇಳಿದಿದ್ದವು. ಇದರ ಶ್ರೇಯಸ್ಸನ್ನು ಪಾದ್ರಿಗಳಿಗಷ್ಟೇ ಕೊಡುವುದು ಸರಿಯಲ್ಲ. ಪೊಲೀಸರೂ, ಜೈಲಿನ ಬದಲು ನಿಗಾದಲ್ಲಿ ಬಿಟ್ಟ ಅಪರಾಧಿಗಳನ್ನು ನೋಡಿಕೊಳ್ಳುವ ಪ್ರೊಬೇಷನ್ ಅಧಿಕಾರಿಗಳೂ ಸೇರಿ ಗ್ಯಾಂಗುಗಳ ಬಂದೂಕಿನ ಹಿಂಸೆಯನ್ನೇ ಗುರಿಯಾಗಿಸಿದ ಆಪರೇಷನ್ ಸೀಸ್‌ಫೈರ್ ಅದೇ ದಶಕದಲ್ಲಿ ಜಾರಿಯಲ್ಲಿತ್ತು, ದೇಶದ ಬೇರೆ ನಗರಗಳಲ್ಲಿಯೂ ಕೊಲೆಗಳು ತಗ್ಗುತ್ತಿದ್ದವು. ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ವಿನ್‌ಶಿಪ್ ಅವರ ಪ್ರಕಾರ, ಕಪ್ಪು ಜನರಿಗೂ ಪೊಲೀಸರಿಗೂ ನಡುವೆ ಸತ್ತೇಹೋಗಿದ್ದ ವಿಶ್ವಾಸವನ್ನು ಮತ್ತೆ ಚಿಗುರಿಸಿದ್ದೇ ಪಾದ್ರಿಗಳ ಮುಖ್ಯ ಕೊಡುಗೆ. ಯಾವ ಹುಡುಗನನ್ನು ಜೈಲಿಗೆ ಕಳಿಸಲೇಬೇಕು, ಯಾವನಿಗೆ ಇನ್ನೊಂದು ಅವಕಾಶ ಕೊಡಬಹುದು ಎಂದು ಹೇಳಿದರೆ ಎರಡೂ ಕಡೆಯವರು ಕೇಳುವಂಥ ದನಿ ಅವರದಾಗಿತ್ತು.